ಪ್ರಾಯೋಜಕರಿಲ್ಲದ ಆ ಒಂದು ವರ್ಷವನ್ನು ಬರೆಯಿರಿ

ಮಾನ್ಯರೇ,

ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರನ್ನು ಕುರಿತ ನಿಮ್ಮ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. 1919ರಲ್ಲಿ ಅಲಬಾಮಾ ರಾಜ್ಯದಲ್ಲಿ ಹುಟ್ಟಿದ್ದರಿಂದ ಹಿಡಿದು 1965ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗಿನ ಎಲ್ಲವನ್ನೂ ಒಂದೇ ತೂಕದಲ್ಲಿ ಹೇಳಿಕೊಂಡು ಹೋಗಿದ್ದೀರಿ. ನಾಲ್ಕು ಕಡೆ ‘ಗಾನಗಂಧರ್ವ’ ಎಂದಿದ್ದೀರಿ. ಆದರೆ ಅವರು ಮೊದಲು ಹೆಸರಾದದ್ದು ಮೂವರ ಜಾಝ್ ತಂಡದ ಪಿಯಾನೊ ವಾದಕರಾಗಿ ಎಂಬುದು ಎಲ್ಲಿಯೂ ಬಂದಿಲ್ಲ.

ನಿಮ್ಮ ನಿಜವಾದ ಲೇಖನ ಏಳನೇ ಪುಟದ ಒಂದೇ ವಾಕ್ಯದಲ್ಲಿ ಹೂತುಹೋಗಿದೆ: ‘1956ರಲ್ಲಿ ಟಿವಿ ಕಾರ್ಯಕ್ರಮ ನಡೆಸಿಕೊಟ್ಟ ಮೊದಲ ಕಪ್ಪು ಕಲಾವಿದರಾದರು, ವರ್ಣದ್ವೇಷದಿಂದ ಎನ್‌ಬಿಸಿ ಅದನ್ನು ನಿಲ್ಲಿಸಿತು.’ ಇದರಲ್ಲಿ ಎರಡು ತಪ್ಪುಗಳಿವೆ. 1950ರಲ್ಲೇ ಕಪ್ಪು ಪಿಯಾನೊ ವಾದಕಿ ಹೇಜಲ್ ಸ್ಕಾಟ್ ಅವರು ಡ್ಯೂಮಾಂಟ್ ವಾಹಿನಿಯಲ್ಲಿ ತಮ್ಮದೇ ಹೆಸರಿನ ಕಾರ್ಯಕ್ರಮ ನಡೆಸಿದ್ದರು. ಇನ್ನು, ನಿಲ್ಲಿಸಿದ್ದು ಎನ್‌ಬಿಸಿ ವಾಹಿನಿಯಲ್ಲ, ಸ್ವತಃ ಕೋಲ್. ಆ ಕಾಲದಲ್ಲಿ ಇಂಥ ಕಾರ್ಯಕ್ರಮದ ಖರ್ಚನ್ನು ಹೊರುತ್ತಿದ್ದವರು ಪ್ರಾಯೋಜಕರು; ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯ ಗಿರಾಕಿಗಳು ತಮ್ಮ ಸರಕನ್ನು ಬಹಿಷ್ಕರಿಸಿಯಾರೆಂಬ ಅಂಜಿಕೆಯಿಂದ ದೇಶವ್ಯಾಪಿ ಕಂಪನಿಯೊಂದೂ ಮುಂದೆ ಬರಲಿಲ್ಲವಾದ್ದರಿಂದ, ಹದಿನೈದು ನಿಮಿಷಗಳಿಂದ ಅರ್ಧ ಗಂಟೆಗೆ ಬೆಳೆದ ಆ ಕಾರ್ಯಕ್ರಮದ ನಷ್ಟವನ್ನು ವಾಹಿನಿಯೇ ಒಂದು ವರ್ಷಕ್ಕೂ ಮಿಕ್ಕಿ ಭರಿಸಿತು. ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್, ಗಾಯಕ ಹ್ಯಾರಿ ಬೆಲಫಾಂಟೆ ಅವರಂಥ ಅತಿಥಿಗಳು ತಮ್ಮ ಎಂದಿನ ಸಂಭಾವನೆಯನ್ನು ಬಿಟ್ಟು ಕನಿಷ್ಠ ದರಕ್ಕೆ ಬಂದು ಹಾಡಿದರು. 1957ರ ಡಿಸೆಂಬರ್ 17ರಂದು ಕೊನೆಯ ಕಂತು ಪ್ರಸಾರವಾಯಿತು.

‘ಮ್ಯಾಡಿಸನ್ ಅವೆನ್ಯೂ ಕತ್ತಲೆಗೆ ಹೆದರುತ್ತದೆ’ ಎಂಬ ಕೋಲ್ ಅವರ ಮಾತನ್ನು ಅನುವಾದಿಸಿ ಹಾಗೆಯೇ ಬಿಟ್ಟುಬಿಟ್ಟಿದ್ದೀರಿ. ಅದು ನ್ಯೂಯಾರ್ಕಿನಲ್ಲಿ ಜಾಹೀರಾತು ಸಂಸ್ಥೆಗಳ ಬೀದಿಯೆಂದು ನಮ್ಮ ಓದುಗರಿಗೆ ತಿಳಿಯುವುದು ಹೇಗೆ? ಇಂಗ್ಲಿಷಿನ ‘ಡಾರ್ಕ್’ ಕತ್ತಲೆಯೂ ಹೌದು, ಮೈಬಣ್ಣವೂ ಹೌದು. ಕನ್ನಡದಲ್ಲಿ ‘ಕತ್ತಲೆ’ ಎಂದರೆ ಬಣ್ಣ ಜಾರಿಹೋಗುತ್ತದೆ, ‘ಕಪ್ಪು’ ಎಂದರೆ ಮಕ್ಕಳ ಕತ್ತಲೆಯ ಭಯದ ಕೊಂಕು ಹೋಗುತ್ತದೆ. (ನನಗೂ ಇದಕ್ಕೆ ಒಂದೇ ಪದ ಹೊಳೆದಿಲ್ಲ.) ಶ್ಲೇಷೆಯನ್ನು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ.

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಹಲ್ಲೆಯನ್ನು ‘ಅಹಿತಕರ ಘಟನೆ’ ಎಂದು ಮುಗಿಸಿರುವುದು ನನಗೆ ಸರಿಕಾಣಲಿಲ್ಲ. 1956ರ ಏಪ್ರಿಲ್ 10ರಂದು, ತಾವು ಹುಟ್ಟಿದ ರಾಜ್ಯದಲ್ಲೇ, ಬಿಳಿಯರಿಗೆಂದೇ ಏರ್ಪಡಿಸಿದ್ದ ಕಛೇರಿಯಲ್ಲಿ ಹಾಡುತ್ತಿದ್ದ ಕೋಲ್ ಅವರನ್ನು ವೇದಿಕೆಗೆ ನುಗ್ಗಿದವರು ಕೆಡವಿದರು. ಅದಾಗಿ ಏಳು ತಿಂಗಳೂ ತುಂಬುವ ಮೊದಲು, ನವೆಂಬರ್ 5ರಂದು, ಅದೇ ವ್ಯಕ್ತಿ ದೇಶದ ಮನೆಮನೆಯ ಟಿವಿಯಲ್ಲಿ ನಗುಮೊಗದಿಂದ ಹಾಡಿದರು. ಈ ಎರಡು ದಿನಾಂಕಗಳು ನಿಮ್ಮಲ್ಲಿ ಮೂರು ಪುಟ ದೂರವಿವೆ. ಒಂದೇ ಪುಟಕ್ಕೆ ತನ್ನಿ, ಲೇಖನವನ್ನು ಅಲ್ಲಿಂದಲೇ ಆರಂಭಿಸಿ.

ಹಾಡುಗಳ ಪಟ್ಟಿಯನ್ನು ಪೂರ್ತಿ ತೆಗೆದು, ಐದು ಪುಟಗಳಿಗೆ ಇಳಿಸಿ ಕಳುಹಿಸಿದರೆ ಮತ್ತೊಮ್ಮೆ ಓದುತ್ತೇನೆ.

ಇತಿ,
ಸಂಪಾದಕ