ಹೊರಗೆ ಕರಕಲು, ಒಳಗೆ ಹಸಿ

ಪ್ರಶ್ನೆ: ಕಳೆದ ಭಾನುವಾರ ತಾರಸಿಯಲ್ಲಿ ಇದ್ದಿಲ ಒಲೆ ಹಚ್ಚಿ, ಬಿದಿರುಕಡ್ಡಿಗೆ ಚಿಕನ್ ಪೋಣಿಸಿ ಸುಟ್ಟೆವು. ಬೆಳಿಗ್ಗೆಯೇ ನಿಂಬೆರಸ, ಜೇನುತುಪ್ಪ, ಖಾರದ ಪುಡಿ, ಶುಂಠಿ-ಬೆಳ್ಳುಳ್ಳಿ ಹಚ್ಚಿ ಅಡುಗೆಮನೆ ಕಟ್ಟೆಯ ಮೇಲೆ ಮುಚ್ಚಿಟ್ಟಿದ್ದೆ. ಸಂಜೆ ಸುಟ್ಟಾಗ ಹೊರಗೆ ಕಪ್ಪಾಯಿತು, ಒಳಗೆ ಹಸಿಯಾಗಿಯೇ ಇತ್ತು. ಕಡ್ಡಿಗಳಿಗೂ ಬೆಂಕಿ ಹತ್ತಿಕೊಂಡಿತು. ಎಲ್ಲಿ ತಪ್ಪಿದೆ?
— ಓದುಗರು, ಬನಶಂಕರಿ

ಉತ್ತರ: ಸುಡುವ ಮಾತು ಆಮೇಲೆ. ನಿಮ್ಮ ಪತ್ರ ಓದಿ ನನಗೆ ಗಾಬರಿಯಾದದ್ದು ಆ ಅಡುಗೆಮನೆ ಕಟ್ಟೆಯ ಮಾತಿಗೆ. ನಿಂಬೆಹುಳಿ ಹಾಕಿದ ಮೇಲೆ ಕೆಡುವುದಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ, ಅದು ನಿಜವಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ 34 ಡಿಗ್ರಿ ದಾಟುವುದು ಈಗ ಮಾಮೂಲು. ಅಂಥ ಸೆಕೆಯಲ್ಲಿ ಹಸಿ ಕೋಳಿ ಒಂದು ಗಂಟೆಗಿಂತ ಹೆಚ್ಚು ಹೊರಗಿರಕೂಡದು. ದಯವಿಟ್ಟು ಫ್ರಿಜ್‌ನಲ್ಲೇ ನೆನೆಯಲು ಬಿಡಿ, ರಸ ತರಕಾರಿಗೆ ಸೋರದಂತೆ ಕೆಳಗಿನ ಶೆಲ್ಫ್‌ನಲ್ಲಿ.

ನಿಂಬೆರಸ ಇಡೀ ದಿನ ಹಿಡಿದರೆ ಮಾಂಸದ ಹೊರಪದರ ಹಿಟ್ಟುಹಿಟ್ಟಾಗುತ್ತದೆ. ನಾನು ರಾತ್ರಿ ಗಟ್ಟಿ ಮೊಸರು, ಉಪ್ಪು, ಮಸಾಲೆ ಹಚ್ಚಿಡುತ್ತೇನೆ, ನಿಂಬೆ ಹಿಂಡುವುದು ಸುಟ್ಟ ಮೇಲೆಯೇ. ಜೇನು ಬೆಂಕಿಗೆ ಬೇಗ ಸೀಯುತ್ತದೆ, ಕೊನೆಯ ಎರಡು ನಿಮಿಷದಲ್ಲಿ ಸವರಿದರೆ ಸಾಕು. ನಿಮ್ಮ ಚಿಕನ್ ಕಪ್ಪಾದದ್ದಕ್ಕೆ ಅರ್ಧ ಕಾರಣ ಇದು.

ಇನ್ನರ್ಧ, ಉರಿ. ಇದ್ದಿಲು ಇನ್ನೂ ಉರಿಯುತ್ತಿರುವಾಗಲೇ ಕಡ್ಡಿ ಇಟ್ಟಿರುತ್ತೀರಿ. ಜ್ವಾಲೆ ಇಳಿದು, ಕೆಂಡದ ಮೇಲೆ ಬಿಳಿ ಬೂದಿ ಕವಿಯುವವರೆಗೆ ಕಾಯಬೇಕು. ಅರ್ಧ ಗಂಟೆ ಹಿಡಿಯುತ್ತದೆ, ಹಸಿದ ಮಕ್ಕಳು ಸುತ್ತ ನಿಂತಿದ್ದರೂ ಆತುರಪಡಬೇಡಿ. ಆಮೇಲೆ ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ. ಕೆಂಡದ ಮೇಲೆ ತಿರುಗಿಸುತ್ತ ಬಣ್ಣ ಬರಿಸಿ, ಖಾಲಿ ಬದಿಗೆ ಸರಿಸಿ, ಮೇಲೊಂದು ಪಾತ್ರೆ ಕವುಚಿ. ಒಳಗೂ ಬೇಯುವುದು ಆ ಹದವಾದ ಕಾವಿನಲ್ಲಿ.

ತೊಡೆಯ ಮಾಂಸವನ್ನು ಒಂದೇ ಅಳತೆಗೆ, ಸುಮಾರು ಒಂದಂಗುಲಕ್ಕೆ ಕತ್ತರಿಸಿ, ಎದೆಯ ಮಾಂಸ ಬೇಗ ಒಣಗುತ್ತದೆ. ತುಂಡುಗಳನ್ನು ಒತ್ತೊತ್ತಾಗಿ ಪೋಣಿಸಬೇಡಿ. ಬಿದಿರುಕಡ್ಡಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ. ಬೆಂದಿತೋ ಇಲ್ಲವೋ ಎಂದು ಬಣ್ಣ ನೋಡಿ ಹೇಳಲಾಗದು. ಅಡುಗೆ ಥರ್ಮಾಮೀಟರ್ ಚುಚ್ಚಿದಾಗ ತುಂಡಿನ ನಡುವೆ 74 ಡಿಗ್ರಿ ತೋರಿಸಬೇಕು. ಹಸಿ ಚಿಕನ್ ಇಟ್ಟಿದ್ದ ತಟ್ಟೆಗೆ ಬೆಂದದ್ದನ್ನು ಹಾಕಬೇಡಿ, ಉಳಿದ ಮಸಾಲೆಯನ್ನು ಕುದಿಸದೆ ಸವರಬೇಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳಲೇಬೇಕು. ಇಲ್ಲಿ ಬೇಸಿಗೆ ಸಂಜೆ ಮಳೆ ಯಾವಾಗ ಸುರಿಯುತ್ತದೋ ಗೊತ್ತಾಗುವುದಿಲ್ಲ. ಹನಿ ಬಿತ್ತೆಂದು ಒಲೆಯನ್ನು ಮನೆಯೊಳಗೆ ಎತ್ತಿಕೊಂಡು ಬರಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯುತ್ತದೆ. ಒಲೆ ಹೊರಗೇ ಆರಲಿ, ಉಳಿದ ಕಡ್ಡಿಗಳನ್ನು ಕಾವಲಿಯ ಮೇಲೆ ಬೇಯಿಸಿಕೊಳ್ಳಿ.