ಟ್ಯಾಂಕರ್ ಡ್ರೈವರ್ ಆಗಬೇಕು, ಎಲ್ಲಿಂದ ಶುರು ಮಾಡಲಿ?

ನಿಮಗೆ 24 ವರ್ಷ, ಕಾರಿನ ಲೈಸೆನ್ಸ್ ಇದೆ, ಎರಡು ವರ್ಷ ಟಾಟಾ ಏಸ್ ಓಡಿಸಿದ್ದೀರಿ. ಈಗ ಪೆಟ್ರೋಲ್ ಟ್ಯಾಂಕರ್ ಹತ್ತಬೇಕು, ಇಲ್ಲವೇ ಗ್ಯಾಸ್ ಟ್ಯಾಂಕರ್ ಆದರೂ ಸರಿ ಅಂದಿದ್ದೀರಿ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಹೊಸಕೋಟೆ ಹತ್ತಿರದ ದೇವನಗೊಂದಿಯ ಎಣ್ಣೆ ಡಿಪೋದಲ್ಲಿ ಲೋಡ್, ಅಲ್ಲಿಂದ ಕೋಲಾರ, ಚಿಂತಾಮಣಿ ಕಡೆಯ ಬಂಕ್‌ಗಳಿಗೆ.

ಮೊದಲು ಕಾಗದಪತ್ರ. ಹೆವಿ ಲೈಸೆನ್ಸ್‌ಗೆ 20 ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ನಿಮಗೆ ಎರಡೂ ಆಗಿದೆ. ಹೆವಿ ಕಲಿಸುವ ಸ್ಕೂಲಿನಿಂದ ಫಾರ್ಮ್ 5, ಅಂದರೆ ಕಲಿತ ಸರ್ಟಿಫಿಕೇಟ್, ತಗೊಂಡು ಆರ್‌ಟಿಒ ಟೆಸ್ಟ್ ಕೊಡಿ. ಆಮೇಲೆ ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ. ಅದು ಲೈಸೆನ್ಸ್‌ನಲ್ಲಿ ನಮೂದಾಗಬೇಕು. ನಾನು ಸೇರಿದಾಗ ಇದನ್ನು ವರ್ಷ ವರ್ಷ ರಿನ್ಯೂ ಮಾಡಿಸಬೇಕಿತ್ತು, 2019ರ ತಿದ್ದುಪಡಿಯಲ್ಲಿ ಮೂರು ವರ್ಷ ಮಾಡಿದರು. ಕನ್ನಡದ ಜೊತೆ ಇಂಗ್ಲಿಷ್ ಓದಲು ಬರೆಯಲು ಬರಬೇಕು ಅನ್ನುವ ನಿಯಮವೂ ಇದೆ.

ಇಷ್ಟೆಲ್ಲ ಇದ್ದರೂ ಓನರ್ ಮೊದಲ ದಿನವೇ ಕೀ ಕೊಡುವುದಿಲ್ಲ. ಕೊಟ್ಟರೆ ನೀವೇ ಹುಷಾರಾಗಿ! ನಾನು ಒಂದೂವರೆ ವರ್ಷ ಕ್ಲೀನರ್ ಆಗಿದ್ದೆ. ಆಗ ಬೇಜಾರಾಗಿತ್ತು, ಆದರೆ ಕೆಲಸ ಕಲಿತಿದ್ದು ಅಲ್ಲೇ. ಇದರಲ್ಲಿ ಗಾಡಿ ಓಡಿಸುವುದು ಅರ್ಧ ಕೆಲಸ. ಬಂಕ್‌ನಲ್ಲಿ ಇಳಿಸುವುದು ಇನ್ನರ್ಧ. ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಬೇಕು. ಮುಚ್ಚಳ ತೆಗೆಯುವ ಮೊದಲೇ ಅರ್ಥಿಂಗ್ ಕ್ಲಿಪ್ ಹಾಕಬೇಕು. ಎಣ್ಣೆ ಪೈಪಿನಲ್ಲಿ ಹರಿಯುವಾಗ ಕರೆಂಟ್ ಹುಟ್ಟುತ್ತದೆ, ಒಂದು ಕಿಡಿ ಸಾಕು. ಮೊಬೈಲ್ ಹೊರಗೆ ತೆಗೆಯಲೇಬೇಡಿ. ಆಮೇಲೆ ಡಿಪ್ ಕಡ್ಡಿ ಇಳಿಸಿ ಎಣ್ಣೆ ಎಷ್ಟಿದೆ ಅನ್ನುವ ಅಳತೆ, ಡೆನ್ಸಿಟಿ ನೋಡಬೇಕು.

ಒಂದು ಸಂಜೆ ಜೋರು ಮಳೆ. ಗಾಡಿಯಲ್ಲಿ ಎರಡು ಕಂಪಾರ್ಟ್‌ಮೆಂಟ್ ಡೀಸೆಲ್, ಒಂದು ಪೆಟ್ರೋಲ್. ನಾನು ಅವಸರದಲ್ಲಿ ಪೆಟ್ರೋಲ್ ಪೈಪನ್ನು ಬಂಕ್‌ನ ಡೀಸೆಲ್ ಟ್ಯಾಂಕಿನ ಬಾಯಿಗೆ ಸಿಕ್ಕಿಸಿದ್ದೆ. ವಾಲ್ವ್ ತಿರುಗಿಸುವ ಮೊದಲು ಡ್ರೈವರಣ್ಣ ಬಂದು ನೋಡಿದರು. ಬೈಯಲೂ ಇಲ್ಲ. ಪೈಪ್ ಬಿಚ್ಚಿಸಿ, ‘ಬಾಯಿ ಬಿಟ್ಟು ಓದು’ ಅಂದರು. ಅವತ್ತಿನಿಂದ ಇವತ್ತಿನವರೆಗೂ ಮುಚ್ಚಳದ ಮೇಲಿನ ಹೆಸರನ್ನು ಜೋರಾಗಿ ಓದಿಯೇ ಪೈಪ್ ಹಾಕುತ್ತೇನೆ. ಬಂಕ್ ಹುಡುಗರು ನಗುತ್ತಾರೆ, ನಗಲಿ.

ಗ್ಯಾಸ್ ಬುಲೆಟ್, ಅಂದರೆ ಗ್ಯಾಸ್ ಟ್ಯಾಂಕರ್, ಸದ್ಯಕ್ಕೆ ಬೇಡ. ಗ್ಯಾಸ್ ಹಿಗ್ಗಲು ಜಾಗ ಬೇಕು, ಅದಕ್ಕೆ ಬುಲೆಟ್ಟನ್ನು ಪೂರ್ತಿ ತುಂಬುವಂತಿಲ್ಲ. ಹಾಗಾಗಿ ಒಳಗಿನ ದ್ರವ ಓಲಾಡುತ್ತದೆ. ತಿರುವಿನಲ್ಲಿ ನೀವು ಸ್ಟೇರಿಂಗ್ ಒಂದು ಕಡೆ ತಿರುಗಿಸಿದರೆ ಭಾರ ಇನ್ನೊಂದು ಕಡೆ ಎಳೆಯುತ್ತದೆ. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡಿದ್ದು ಆ ಕಡೆಯವರಿಗೆ ಇನ್ನೂ ನೆನಪಿದೆ. ಈ ಓಲಾಟ ಅಭ್ಯಾಸ ಆಗಬೇಕಾದರೆ ಮೊದಲು ನೀರಿನ ಟ್ಯಾಂಕರ್ ಓಡಿಸಿ. ಅರ್ಧ ಖಾಲಿ ಇದ್ದಾಗ ಬ್ರೇಕ್ ಹಾಕಿ ನೋಡಿ. ಗಾಡಿ ನಿಂತ ಮೇಲೂ ನೀರು ಮುಂದಕ್ಕೆ ಬಂದು ಗುದ್ದುತ್ತದೆ, ಅದು ಬೆನ್ನಿಗೆ ಗೊತ್ತಾಗುತ್ತದೆ. ಹಾಲಿನ ಟ್ಯಾಂಕರ್ ಸಿಕ್ಕರೆ ಇನ್ನೂ ಒಳ್ಳೆಯದು, ದಿನಾ ಒಂದೇ ರೂಟ್.

ಸಂಬಳದ ಲೆಕ್ಕ ಓನರ್‌ನಿಂದ ಓನರ್‌ಗೆ ಬೇರೆ. ಬತ್ತಾ (ಸಂಬಳದ ಮೇಲಿನ ಖರ್ಚಿನ ಭತ್ಯೆ) ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀವು ಅದರ ಜೊತೆ ‘ಶಾರ್ಟೇಜ್ ಬಂದರೆ ಯಾರ ತಲೆಗೆ?’ ಅಂತಲೂ ಕೇಳಿ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿದ ಪೆಟ್ರೋಲ್ ತಂಪಾದ ಮೇಲೆ ಕುಗ್ಗುತ್ತದೆ, ಡಿಪ್ ಕಡಿಮೆ ತೋರಿಸುತ್ತದೆ. ನನ್ನ ಮೊದಲ ಓನರ್ ಅದನ್ನೂ ನನ್ನ ಸಂಬಳದಲ್ಲೇ ಹಿಡಿದರು. ಸೇರುವಾಗ ನಾನು ಕೇಳಿರಲಿಲ್ಲ.