ಬೆರಳು ಒಲ್ಲೆ ಎಂದರೆ ಪಿನ್ ಇರಲಿ

ಪ್ರಶ್ನೆ: ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕದ ವಿಂಡೋಸ್ ಕಂಪ್ಯೂಟರನ್ನು ಮೂವರು ಬಳಸುತ್ತೇವೆ. ಸೀಸನ್‌ನಲ್ಲಿ ಬೆರಳಚ್ಚು ಹಿಡಿಯುವುದೇ ಇಲ್ಲ. ಇಮೇಲ್ ತೆರೆಯುವಾಗ ಪಾಸ್‌ವರ್ಡ್ ಜೊತೆಗೆ ಹಾಕುವ, ಫೋನಿನ ಅಥೆಂಟಿಕೇಟರ್ ಆ್ಯಪ್‌ನ ಕೋಡೂ ಆಗಾಗ ‘ತಪ್ಪು’ ಎನ್ನುತ್ತದೆ. ಏನು ಮಾಡಬೇಕು?

ಉತ್ತರ: ಮೊದಲು ಮೂವರಿಗೂ ಬೇರೆ ಬೇರೆ ಯೂಸರ್ ಅಕೌಂಟ್ ಮಾಡಿ. ಒಂದೇ ಅಕೌಂಟಿಗೆ ಮೂವರ ಬೆರಳು ಕೊಟ್ಟರೆ ಯಾರು ಕೂತಿದ್ದರು ಎಂಬುದು ಕಂಪ್ಯೂಟರಿಗೂ ತಿಳಿಯದು.

ಸೆನ್ಸರ್ ಓದುವುದು ಬೆರಳಿನ ಗೆರೆಗಳನ್ನು. ಚೀಲ ಎತ್ತಿ ಸವೆದ ಗೆರೆ, ಅದರ ಮೇಲೆ ಕಾರದ ಪುಡಿ, ಎಣ್ಣೆ ಜಿಡ್ಡು, ಇನ್ನೇನು ಕಂಡೀತು? ಸೆನ್ಸರನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ, ಕಡಿಮೆ ದುಡಿಯುವ ಕೈಯ ಉಂಗುರ ಬೆರಳನ್ನೂ ಸೇರಿಸಿ. ಬೆರಳು ಕೈಕೊಟ್ಟಾಗ ಅಲ್ಲೇ ಪಿನ್ ಒತ್ತಬಹುದು. ಈ ಪಿನ್ ಆ ಒಂದು ಕಂಪ್ಯೂಟರಿಗಷ್ಟೇ ಸೀಮಿತ, ಕದ್ದವರು ಬೇರೆ ಕಡೆಯಿಂದ ಒಳಬರಲಾರರು. ಆರಂಕಿಯಾದರೂ ಇರಲಿ, ಅಂಗಡಿ ಫೋನಿನ ಕೊನೆಯ ಅಂಕಿಗಳು ಮಾತ್ರ ಬೇಡ.

ಆ್ಯಪ್‌ನ ಕೋಡ್ ಹುಟ್ಟುವುದು ಫೋನಿನಲ್ಲಿರುವ ಗುಪ್ತ ಕೀಲಿ ಮತ್ತು ಗಡಿಯಾರದಿಂದ; ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನಿನ ಸಮಯ ಎರಡು-ಮೂರು ನಿಮಿಷ ಹಿಂದೆ ಮುಂದೆ ಆದರೆ ಕೋಡ್ ಹೊಂದುವುದಿಲ್ಲ. ದಿನಾಂಕ, ಸಮಯವನ್ನು ಆಟೋಮ್ಯಾಟಿಕ್‌ಗೆ ಇಡಿ. ಕೋಡ್ ಹುಟ್ಟಲು ನೆಟ್‌ವರ್ಕ್ ಬೇಕಿಲ್ಲ, ಎಸ್‌ಎಂಎಸ್ ಓಟಿಪಿಗಿಂತ ಇದೇ ಮೇಲು.

ಇಮೇಲ್ ಅಕೌಂಟಿನ ರಿಕವರಿ ಕೋಡುಗಳನ್ನು (ಆ್ಯಪ್ ಕೈಕೊಟ್ಟಾಗ ಒಳಹೋಗಲು ಬೇಕಾಗುವ ಕೋಡುಗಳು) ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ಮಾನಿಟರಿಗೆ ಅಂಟಿಸಬೇಡಿ!